ಅಗೆದಷ್ಟನ್ನು ಮುಗಿಸಿ ಮುಂದಕ್ಕೆ ಹೋಗಿ: ಗದಗ ಜಿಲ್ಲೆಯಲ್ಲಿ ರಸ್ತೆ ಕಟ್ಟುವವರಿಗೆ ಬಹಿರಂಗ ಪತ್ರ



ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತ ರಸ್ತೆ ಕಟ್ಟುತ್ತಿರುವ ಎಂಜಿನಿಯರ್‌ಗಳಿಗೆ, ಗುತ್ತಿಗೆದಾರರಿಗೆ, ಸೈಟ್ ನೋಡಿಕೊಳ್ಳುವ ಮೇಲ್ವಿಚಾರಕರಿಗೆ ಈ ಪತ್ರ. ಮಂತ್ರಿಗಳಿಗೆ, ಶಾಸಕರಿಗೆ ಹೇಳಬೇಕಾದ್ದನ್ನು ಜನ ಹೇಳುತ್ತಲೇ ಇದ್ದಾರೆ. ಮನವಿ ಕೊಡುತ್ತಾರೆ, ರಸ್ತೆ ತಡೆಯುತ್ತಾರೆ, ತಗ್ಗಿನಲ್ಲಿ ನಿಂತ ನೀರಿಗೆ ಭತ್ತದ ಸಸಿ ಹಚ್ಚುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಭರವಸೆಯೂ ಬರುತ್ತದೆ. ನಿಮಗೆ ಮಾತ್ರ ಯಾರೂ ಬರೆಯುವುದಿಲ್ಲ. ಆದರೆ ಅಳತೆ ಟೇಪು, ಅಳತೆ ಪುಸ್ತಕ, ಟಿಪ್ಪರು, ರೋಲರು ಇರುವುದು ನಿಮ್ಮ ಕೈಯಲ್ಲಿ. ಯಾವ ಕಿಲೋಮೀಟರಿನಲ್ಲಿ ಕೆಲಸ ಯಾವ ದಿನ ನಿಂತಿತು, ಯಾತಕ್ಕೆ ನಿಂತಿತು ಎಂಬುದನ್ನು ಸರಿಯಾಗಿ ಬಲ್ಲವರು ನೀವು. ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ.

ಈ ನಾಲ್ಕು ಊರುಗಳಲ್ಲಿ ರೈಲು ನಿಲ್ದಾಣ ಇರುವುದು ಗದಗಕ್ಕೆ ಮಾತ್ರ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರಿಗೆ ರಸ್ತೆ ಬಿಟ್ಟರೆ ಇನ್ನೊಂದು ದಾರಿಯಿಲ್ಲ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ನಮ್ಮದೇ ಜಿಲ್ಲೆಯಾದಾಗ ಕಚೇರಿ, ಕೋರ್ಟು, ಆಸ್ಪತ್ರೆ ಹತ್ತಿರ ಬಂದವೆಂದು ಹಿರಿಯರು ಸಂತೋಷಪಟ್ಟಿದ್ದರು. ಹತ್ತಿರ ಬಂದದ್ದು ನಿಜ. ಮುಂಡರಗಿಯಿಂದಾಗಲಿ ಲಕ್ಷ್ಮೇಶ್ವರದಿಂದಾಗಲಿ ಗದಗ ನಲವತ್ತು ಕಿಲೋಮೀಟರಿನ ಆಸುಪಾಸು. ರಸ್ತೆ ನೆಟ್ಟಗಿದ್ದರೆ ಮುಂಜಾನೆ ಹೋಗಿ ಕೆಲಸ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದಾದ ದೂರ. ಜಿಲ್ಲೆಯ ದೊಡ್ಡ ಸರ್ಕಾರಿ ಆಸ್ಪತ್ರೆ ಜಿಮ್ಸ್ ಇರುವುದು ಮುಳಗುಂದ ರಸ್ತೆಯ ಮಲ್ಲಸಮುದ್ರದಲ್ಲಿ. ಹೆರಿಗೆ ನೋವು ತಿನ್ನುವ ಹೆಣ್ಣುಮಗಳನ್ನೋ ಹೊಲದಲ್ಲಿ ಹಾವು ಕಚ್ಚಿಸಿಕೊಂಡವನನ್ನೋ ಹೊತ್ತ ಆಂಬುಲೆನ್ಸ್ ಅಗೆದ ರಸ್ತೆಯ ಮೇಲೆ ಎತ್ತಿನಗಾಡಿಯ ವೇಗದಲ್ಲಿ ಬರುವಾಗ ಒಳಗೆ ಕುಳಿತವರ ಗತಿ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ, ಶೇಂಗಾ ಹೊತ್ತ ಗಾಡಿಗಳೂ ಇದೇ ದಾರಿಯಲ್ಲಿ ಗದಗಿನ ಎಪಿಎಂಸಿಗೆ ಬರುತ್ತವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳು ಹೆಚ್ಚಿದ್ದಾರೆ. ಟಿಕೆಟ್ ದುಡ್ಡು ಉಳಿದಿದೆ, ಆದರೆ ಕಾಲೇಜಿನ ಮೊದಲ ತಾಸು ತಪ್ಪುವುದು ತಪ್ಪಿಲ್ಲ. ದುಪಟ್ಟಾದಿಂದ ಮೂಗು ಬಾಯಿ ಕಟ್ಟಿಕೊಂಡು ಫುಟ್‌ಬೋರ್ಡಿನವರೆಗೂ ನಿಂತ ಆ ಮಕ್ಕಳನ್ನು ನೀವೂ ಜೀಪಿನಿಂದ ದಿನಾ ನೋಡುತ್ತೀರಿ.

ನಮಗೆ ಕಾಣುವುದೇನು ಎಂದು ಮೊದಲು ಹೇಳಿಬಿಡುತ್ತೇನೆ. ಒಂದು ದಿನ ಜೆಸಿಬಿ ಬರುತ್ತದೆ. ಎರಡೂ ಕಡೆಯ ಜಾಲಿಕಂಟಿ ಸವರುತ್ತಾರೆ. ಹಳೆಯ ಡಾಂಬರನ್ನು ಕಿತ್ತು ಬದಿಗೆ ಗುಡ್ಡೆ ಹಾಕುತ್ತಾರೆ. ಗರಸು ಬರುತ್ತದೆ, ಖಡಿ ಬರುತ್ತದೆ, ರೋಲರು ಓಡುತ್ತದೆ. ಜನ ಗೆಲುವಾಗುತ್ತಾರೆ. ಆಮೇಲೆ ಒಂದು ಬೆಳಗ್ಗೆ ಯಾರೂ ಬರುವುದಿಲ್ಲ. ರೋಲರು ಬೇವಿನ ಗಿಡದ ಕೆಳಗೆ ನಿಂತಿರುತ್ತದೆ. ಚಹಾದ ಅಂಗಡಿಯವನನ್ನು ಕೇಳಿದರೆ “ಬಿಲ್ ಆಗಿಲ್ಲಂತ್ರಿ” ಅನ್ನುತ್ತಾನೆ. ಬಸ್ಸಿನ ಕಂಡಕ್ಟರ್ “ಡಾಂಬರ್ ಪ್ಲಾಂಟ್ ಬಂದ್ ಐತಂತ” ಅನ್ನುತ್ತಾನೆ. ಪಂಚಾಯಿತಿ ಸದಸ್ಯರು “ಕರೆಂಟ್ ಕಂಬ ಸರಿಸಬೇಕಂತ” ಅನ್ನುತ್ತಾರೆ. ನಿಮ್ಮವರನ್ನೇ ಕೇಳಿದರೆ ಸಿಗುವ ಉತ್ತರ ಒಂದೇ: “ಕೆಲಸ ನಡದೈತ್ರಿ.” ಕಣ್ಣೆದುರು ಆಳೂ ಇಲ್ಲದ, ಯಂತ್ರವೂ ಓಡದ ಜಾಗದಲ್ಲಿ ನಿಂತು ಕೆಲಸ ನಡೆದಿದೆ ಎಂಬ ಮಾತು ಕೇಳಿದಾಗ ಹುಟ್ಟುವ ಸಿಟ್ಟು ರಸ್ತೆ ತಡವಾದ ಸಿಟ್ಟಿಗಿಂತ ದೊಡ್ಡದು.

ನಿಂತಂತೆ ಕಾಣುವ ಕೆಲಸವೆಲ್ಲ ನಿಂತದ್ದಲ್ಲ ಎಂಬುದೂ ನಮಗೆ ತಿಳಿಯದ ಮಾತಲ್ಲ. ರಸ್ತೆಯಡಿ ನೀರು ಹಾಯಲು ಕಟ್ಟುವ ಸಿಡಿಗೆ, ಅಂದರೆ ಮೋರಿಗೆ, ಹಾಕಿದ ಕಾಂಕ್ರೀಟಿನ ಬಲವನ್ನು 28 ದಿನಕ್ಕೆ ಅಳೆಯುತ್ತಾರೆ. ಅಷ್ಟು ದಿನ ಅದರ ಪಕ್ಕದಲ್ಲಿ ಯಾರೂ ಇಲ್ಲದಿರುವುದು ಸೋಮಾರಿತನವಲ್ಲ. ನೀರಿನ ಪೈಪು, ವಿದ್ಯುತ್ ಕಂಬ ಸ್ಥಳಾಂತರವಾಗದೆ ಅಗಲ ಮಾಡಲು ಬರುವುದಿಲ್ಲ. ಕಪ್ಪತಗುಡ್ಡದ ಸೀಮೆ 2019ರಲ್ಲಿ ವನ್ಯಜೀವಿಧಾಮವಾಗಿದೆ, ಅದರ ಒಳಗೆ ಹಾಯುವ ಕೆಲಸಕ್ಕೆ ಬೇರೆ ಅನುಮತಿ ಬೇಕು. ಮಳೆಗಾಲದಲ್ಲಿ ಡಾಂಬರ್ ಹಾಕಬೇಡಿ ಎಂದು ಹೇಳುವವರು ನಾವೇ. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ವರೆಗೂ ಹೊಡೆಯುತ್ತದೆ. ಇವೆಲ್ಲ ನಿಜವಾದ ಕಾರಣಗಳು, ಹೇಳಿದರೆ ಅರ್ಥವಾಗುವ ಕಾರಣಗಳು. ಆದರೆ ನವೆಂಬರ್‌ನಿಂದ ಮೇ ತನಕ ಒಣ ಹವೆಯ ಏಳು ತಿಂಗಳು ನಿಮ್ಮ ಕೈಯಲ್ಲಿರುತ್ತವೆ. ಆ ತಿಂಗಳುಗಳಲ್ಲಿಯೂ ರೋಲರು ಗಿಡದ ಕೆಳಗೇ ನಿಂತಿದ್ದರೆ ಮಳೆಯ ಹೆಸರು ಹೇಳುವುದು ಸರಿಯಲ್ಲ.

ನನ್ನ ಮುಖ್ಯ ತಕರಾರು ತಡವಾಗುವುದರ ಬಗ್ಗೆಯೂ ಅಲ್ಲ. ಅರ್ಧಕ್ಕೆ ನಿಂತ ರಸ್ತೆ ನಿಂತಲ್ಲೇ ನಿಲ್ಲುವುದಿಲ್ಲ, ಹಿಂದಕ್ಕೆ ಹೋಗುತ್ತದೆ. ಇದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಖಡಿ, ಪುಡಿ, ನೀರು ಹದವಾಗಿ ಕಲಸಿ ಹಾಸುವ ವೆಟ್ ಮಿಕ್ಸ್ ಪದರವನ್ನೇ ತೆಗೆದುಕೊಳ್ಳಿ. ದಪ್ಪ ಖಡಿಯನ್ನು ಹಿಡಿದಿಡುವುದು ಅದರ ನಡುವಿನ ಸಣ್ಣ ಪುಡಿ. ಪದರ ಒಣಗಿದ ಮೇಲೆ ಪ್ರೈಮ್ ಕೋಟ್ ಹೊಡೆದು ಬೇಗ ಡಾಂಬರ್ ಮುಚ್ಚಬೇಕು. ನೀವು ಆರೆಂಜ್ ಬುಕ್ ಎಂದು ಕರೆಯುವ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿರ್ದಿಷ್ಟತಾ ಗ್ರಂಥದ 406ನೇ ಕಲಂ, ಈ ಪದರ ಒಣಗಿ ಮೇಲಿನ ಹೊದಿಕೆ ಬೀಳುವವರೆಗೆ ಆದಷ್ಟು ಮಟ್ಟಿಗೆ ಅದರ ಮೇಲೆ ಯಾವ ವಾಹನವನ್ನೂ ಬಿಡಬೇಡಿ ಎನ್ನುತ್ತದೆ. ನಮ್ಮಲ್ಲಿ ಆಗುತ್ತಿರುವುದೇನು? ಅದೇ ಪದರದ ಮೇಲೆ ತಿಂಗಳುಗಟ್ಟಲೆ ಬಸ್ಸು, ಟ್ರ್ಯಾಕ್ಟರು, ಮರಳಿನ ಟಿಪ್ಪರು ಓಡುತ್ತವೆ. ಮೊದಲು ಪುಡಿ ಧೂಳಾಗಿ ಹಾರುತ್ತದೆ. ಹಿಡಿತ ತಪ್ಪಿದ ಖಡಿ ಒಂದೊಂದಾಗಿ ಎದ್ದು ರಸ್ತೆಯ ನಡುವೆ, ಅಂಚಿಗೆ ಸಾಲುಗಟ್ಟುತ್ತದೆ. ಬೈಕಿನ ಮುಂದಿನ ಗಾಲಿ ಜಾರುವುದು ಆ ಸಾಲಿನ ಮೇಲೆಯೇ. ಆಮೇಲೆ ಮಳೆ ಬೀಳುತ್ತದೆ, ನೀರು ಖಡಿಯ ಸಂದಿನಿಂದ ಇಳಿದು ತಳಕ್ಕೆ ಹೋಗುತ್ತದೆ. ತಳದಲ್ಲಿರುವುದು ನಮ್ಮ ಎರಿ ಮಣ್ಣು.

ಎರಿ ನೆಲದ ಗುಣ ರೈತನಿಗೆ ಎಷ್ಟು ಗೊತ್ತೋ ರಸ್ತೆ ಎಂಜಿನಿಯರಿಗೂ ಅಷ್ಟೇ ಗೊತ್ತಿರಬೇಕು. ಬೇಸಿಗೆಯಲ್ಲಿ ಅದು ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ನೆನೆದಾಗ ಭಾರ ತಡೆಯುವುದಿಲ್ಲ. ಅದಕ್ಕೇ ಎರಿ ಸೀಮೆಯ ರಸ್ತೆಗೆ ಗಟ್ಟಿ ಮಣ್ಣು ತುಂಬುವುದೋ ಸುಣ್ಣ ಬೆರೆಸುವುದೋ ಮಾಡಬೇಕಾಗುತ್ತದೆ. ಇಷ್ಟೆಲ್ಲ ಮಾಡಿ ಕಟ್ಟಿದ ತಳಕ್ಕೆ ಮೇಲಿನ ಹೊದಿಕೆ ಹಾಕದೆ ಒಂದು ಮಳೆಗಾಲ ಬಯಲಿಗೆ ಬಿಟ್ಟರೆ ಮೊದಲು ಮಾಡಿದ ಕೆಲಸದ ಬಹುಪಾಲು ನೀರುಪಾಲು. ದೀಪಾವಳಿ ಮುಗಿದ ಮೇಲೆ ಬಂದು ಅದೇ ತಗ್ಗಿಗೆ ಮತ್ತೆ ಖಡಿ ಸುರಿದು, ಕೆಳಗೆ ಮೆತ್ತಗಾದ ಮಣ್ಣನ್ನು ತೆಗೆಯದೆ, ಮೇಲೆ ಡಾಂಬರ್ ಎಳೆದು ಹೋಗುತ್ತೀರಿ. ಅಂಥ ರಸ್ತೆ ಮರುವರ್ಷ ಗಾಲಿಯ ಜಾಡಿನಲ್ಲಿ ಕುಸಿದಾಗ ಜನ “ಕಳಪೆ ಕಾಮಗಾರಿ” ಅನ್ನುತ್ತಾರೆ. ಅದರಲ್ಲಿ ಎಷ್ಟೋ ಪಾಲು ಸಾಮಾನು ಕಳಪೆಯಾದದ್ದರಿಂದ ಅಲ್ಲ, ಕೆಲಸ ನಡುವೆ ನಿಂತದ್ದರಿಂದ ಆದದ್ದು ಎಂದೇ ನನ್ನ ನಂಬಿಕೆ.

ಹೀಗಿರುವಾಗ ಮುಗಿಸಲು ಆಗುವುದಕ್ಕಿಂತ ಹೆಚ್ಚು ಉದ್ದ ಯಾಕೆ ಅಗೆಯುತ್ತೀರಿ? ಇದನ್ನು ನೇರವಾಗಿ ಕೇಳುತ್ತಿದ್ದೇನೆ, ಯಾಕೆಂದರೆ ಉತ್ತರ ಅಳತೆ ಪುಸ್ತಕದಲ್ಲಿದೆ. ಮಾಡಿದ ಕೆಲಸವನ್ನು ಅಳೆದು ಆಗಾಗ ರನ್ನಿಂಗ್ ಬಿಲ್ ಮಾಡುವ ಗುತ್ತಿಗೆಗಳಲ್ಲಿ ಅಗೆತಕ್ಕೂ ದುಡ್ಡು, ಮಣ್ಣಿಗೂ ದುಡ್ಡು, ಖಡಿಗೂ ದುಡ್ಡು. ಉದ್ದಕ್ಕೂ ಅಗೆದು ಖಡಿ ಹಾಸಿದರೆ ಮೊದಲ ಬಿಲ್ ದೊಡ್ಡದಾಗುತ್ತದೆ. ಡಾಂಬರ್ ಕೊನೆಗೆ ಬರುವಂಥದ್ದು, ದುಬಾರಿ, ಕಚ್ಚಾ ತೈಲದ ಜೊತೆಗೆ ಅದರ ದರವೂ ಏರಿಳಿಯುತ್ತದೆ. ಮೊದಲ ಬಿಲ್ಲಿನ ದುಡ್ಡು ಬರುವುದು ತಡವಾದರೆ ಡಾಂಬರಿಗೆ ಬಂಡವಾಳ ಇಲ್ಲ. ಅಲ್ಲಿಗೆ ಕೆಲಸ ನಿಂತಿತು. ಯಂತ್ರಗಳು ಬಿಲ್ ಆಗುವ ಇನ್ನೊಂದು ಸೈಟಿಗೆ ಹೋದವು. ಅಗೆದ ಉದ್ದವೆಲ್ಲ ನಮ್ಮ ಪಾಲಿಗೆ ಉಳಿಯಿತು.

ಹಾಗಾಗಿ ನನ್ನ ಬೇಡಿಕೆ ಒಂದು. ಎರಡು ಕಿಲೋಮೀಟರ್ ಅಗೆಯಿರಿ. ತಳದಿಂದ ಡಾಂಬರ್‌ವರೆಗೆ, ಸಿಡಿ, ಬದಿಯ ಚರಂಡಿ, ಭುಜದ ಮಣ್ಣು ಸಹಿತ ಮುಗಿಸಿ. ಆಮೇಲೆ ಮುಂದಿನ ಎರಡಕ್ಕೆ ಕೈ ಹಚ್ಚಿ. ಎರಡು ಎಂಬುದು ನಾನು ಹೇಳಿದ ಲೆಕ್ಕ. ಅದು ಮೂರಾಗಲಿ, ನಾಲ್ಕಾಗಲಿ, ನಿಮ್ಮ ಯಂತ್ರಬಲ ನೋಡಿ ನೀವೇ ಗೊತ್ತು ಮಾಡಿ. ಆದರೆ ಗುತ್ತಿಗೆಯಲ್ಲಿಯೇ ಬರೆಯಿರಿ: ಹಿಂದಿನ ತುಂಡು ಮುಚ್ಚದೆ ಮುಂದಿನ ತುಂಡಿನ ಅಗೆತಕ್ಕೆ ಅಳತೆ ಇಲ್ಲ, ಬಿಲ್ ಇಲ್ಲ. ಹೀಗೆ ಮಾಡಿದರೆ ದುಡ್ಡು ನಿಂತು ಕೆಲಸ ನಿಂತರೂ ಜನರ ಕೈಯಲ್ಲಿ ಒಂದಷ್ಟು ನೆಟ್ಟಗಿನ ರಸ್ತೆ ಉಳಿಯುತ್ತದೆ, ಉಳಿದ ಕಡೆ ಹಳೆಯ ರಸ್ತೆಯಾದರೂ ಇರುತ್ತದೆ. ಇವತ್ತು ಎರಡೂ ಇಲ್ಲ. ಲಕ್ಷ್ಮೇಶ್ವರದ ಮೇಲೆ ಹಾಯುವ ಪಾಲಾ–ಬಾದಾಮಿ ರಾಜ್ಯ ಹೆದ್ದಾರಿಯಿಂದ ಹಿಡಿದು ಹಳ್ಳಿಗೆ ಹೋಗುವ ಒಂಟಿ ರಸ್ತೆಯ ತನಕ ಈ ಒಂದು ನಿಯಮ ನಡೆದರೆ ನಮ್ಮ ಅರ್ಧ ಗೋಳು ಕಡಿಮೆಯಾಗುತ್ತದೆ.

ಸಿಡಿಗಳ ಮಾತು ಪ್ರತ್ಯೇಕವಾಗಿ ಹೇಳಬೇಕು. ರಸ್ತೆಯ ಅರ್ಧಕ್ಕೆ ಸಿಡಿ ಕಟ್ಟಿ ಇನ್ನರ್ಧ ಬಿಟ್ಟ ಜಾಗಗಳನ್ನು ಹತ್ತಿರ ನಿಂತು ನೋಡಿದ್ದೇನೆ. ಕಾಂಕ್ರೀಟಿನ ಅಂಚಿನಿಂದ ಆಳೆತ್ತರದ ಕಬ್ಬಿಣದ ಸರಳು ಮೇಲಕ್ಕೆ ಎದ್ದು ನಿಂತಿರುತ್ತವೆ. ಒಂದು ಮಳೆಗೆ ತುಕ್ಕು ಹಿಡಿದು ಬಿಳಿ ಗೋಡೆಯ ಮೇಲೆ ಕೆಂಪು ಗೆರೆ ಇಳಿದಿರುತ್ತದೆ. ಪಕ್ಕದಲ್ಲಿ ಅಗೆದ ಗುಂಡಿ, ಗುಂಡಿಯಲ್ಲಿ ಹಸಿರುಗಟ್ಟಿದ ನೀರು. ಅದರ ಮುಂದೆ ಎಚ್ಚರಿಕೆಗೆ ಇಟ್ಟದ್ದು ಸುಣ್ಣ ಬಳಿದ ನಾಲ್ಕು ಕಲ್ಲು, ಒಂದು ಜಾಲಿಕಂಟಿ, ಕಂಟಿಗೆ ಕಟ್ಟಿದ ಹರಕು ಪ್ಲಾಸ್ಟಿಕ್ ಚೀಲ. ಹಗಲು ಇಷ್ಟು ಕಂಡೀತು. ರಾತ್ರಿ ಎದುರಿನ ಲಾರಿಯ ದೀಪ ಕಣ್ಣಿಗೆ ಹೊಡೆದಾಗ ಅಲ್ಲಿ ಏನೂ ಕಾಣುವುದಿಲ್ಲ. ಹೊಳೆಯುವ ಪಟ್ಟಿ ಅಂಟಿಸಿದ ಡ್ರಮ್ಮು, ಬ್ಯಾರಿಕೇಡು, ಮಿನುಗುವ ದೀಪ, ದೂರದಿಂದಲೇ ಡೈವರ್ಷನ್ ತೋರಿಸುವ ಫಲಕ ಹೇಗಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ ಎಸ್‌ಪಿ 55 ಎಂಬ ಒಂದು ಮಾರ್ಗಸೂಚಿಯನ್ನೇ ಮಾಡಿದೆ. ಅದನ್ನು ಓದಿ ಪರೀಕ್ಷೆ ಪಾಸಾದವರು ನೀವು. ಒಂದು ಡ್ರಮ್ಮಿನ ಖರ್ಚು ನಿಮ್ಮ ಅಂದಾಜು ಪಟ್ಟಿಯಲ್ಲಿ ಲೆಕ್ಕಕ್ಕೇ ಬರದಷ್ಟು ಸಣ್ಣದು. ಅದು ಇಲ್ಲದೆ ಹೋದ ಜೀವ ಒಂದು ಮನೆಗೆ ಎಲ್ಲವೂ ಆಗಿರುತ್ತದೆ.

2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಕಲಂ ಸೇರಿದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಗೊತ್ತುಪಡಿಸಿದ ಸುರಕ್ಷತಾ ಮಾನದಂಡ ಪಾಲಿಸದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ದಂಡದ ಮೊತ್ತ ಸಣ್ಣದು, ನಮ್ಮ ಊರುಗಳಲ್ಲಿ ಈ ಕಲಮಿನ ಹೆಸರು ಕೇಳಿದವರೂ ಕಡಿಮೆ. ಬೈಕಿನವ ಬಿದ್ದರೆ “ಅತಿವೇಗ, ಅಜಾಗರೂಕತೆ” ಎಂದು ಅವನ ಮೇಲೆಯೇ ಬರೆದು ಮುಗಿಸುವುದು ರೂಢಿ. ಆದರೆ ಕಾನೂನು ನಿಮ್ಮ ಹೊಣೆಯನ್ನೂ ಬರೆದಿಟ್ಟಿದೆ. ಬಿದ್ದವರ ಮನೆಯವರಿಗೆ ಇದನ್ನು ತಿಳಿಸುವ ಕೆಲಸವನ್ನು ನಮ್ಮ ವಕೀಲ ಮಿತ್ರರು ಮಾಡಬೇಕು.

ಧೂಳಿನ ವಿಷಯಕ್ಕೆ ಬರುತ್ತೇನೆ. ಕಾಮಗಾರಿ ನಡೆಯುವಾಗ ವಾಹನ ಓಡಾಡುವ ತಾತ್ಕಾಲಿಕ ದಾರಿಯನ್ನು ಸುಸ್ಥಿತಿಯಲ್ಲಿಡಬೇಕು, ಬೇಕಾದರೆ ಮೇಲಿಂದ ಮೇಲೆ ನೀರು ಹೊಡೆದು ಧೂಳು ಏಳದಂತೆ ನೋಡಿಕೊಳ್ಳಬೇಕು ಎಂದು ಅದೇ ಆರೆಂಜ್ ಬುಕ್ಕಿನ 112ನೇ ಕಲಂ ಹೇಳುತ್ತದೆ. ರಸ್ತೆ ಬದಿಯ ಹೋಟೆಲಿನ ಹೆಂಗಸು ತನ್ನ ಮನೆಯ ಕೊಡದಿಂದ ನೀರು ಚಿಮುಕಿಸುತ್ತಾಳೆ. ಮಿರ್ಚಿ ಭಜಿಯ ತಾಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಗಿರಾಕಿ ಬಂದಾಗ ಅಷ್ಟೇ ಎತ್ತುತ್ತಾಳೆ. ಗಂಟೆಗೊಮ್ಮೆ ಆ ಹಾಳೆಯನ್ನು ಒರೆಸುತ್ತಾಳೆ, ಒರೆಸಿದ ಅರಿವೆ ಬೂದುಬಣ್ಣವಾಗಿರುತ್ತದೆ. ಕುಡಿಯುವ ನೀರಿಗೇ ದಿನ ಎಣಿಸುವ ಸೀಮೆ ನಮ್ಮದು. ನಿಮ್ಮ ಟ್ಯಾಂಕರಿನ ಕೆಲಸವನ್ನು ಅವಳ ಕೊಡ ಮಾಡುತ್ತಿದೆ. ಅಂಚಿನ ಹೊಲಗಳಲ್ಲಿ ಹತ್ತಿಯ ಎಲೆ, ಮೆಣಸಿನ ಗಿಡ ಧೂಳು ಕೂತು ಬಣ್ಣಗೆಟ್ಟಿವೆ. ಆ ರೈತರಿಗೆ ಯಾವ ಪರಿಹಾರದ ಪಟ್ಟಿಯಲ್ಲೂ ಹೆಸರಿಲ್ಲ.

ಗದಗ-ಬೆಟಗೇರಿ ಅವಳಿ ನಗರದ ಒಳಗಿನ ಗೋಳು ಸ್ವಲ್ಪ ಬೇರೆ. ಅಲ್ಲಿ ರಸ್ತೆ ನಿಧಾನವಾಗುವುದಕ್ಕಿಂತ ಮಾಡಿದ ರಸ್ತೆಯನ್ನೇ ಮತ್ತೆ ಅಗೆಯುವುದು ಹೆಚ್ಚು. ಒಳಚರಂಡಿಗೆ ಒಮ್ಮೆ, ನೀರಿನ ಪೈಪಿಗೆ ಒಮ್ಮೆ, ಕೇಬಲ್ಲಿಗೆ ಒಮ್ಮೆ. ಅಗೆದವರು ಮಣ್ಣು ಎಳೆದು ಹೋದ ಕಡೆ ಬೆಟಗೇರಿಯ ನೇಕಾರರ ಓಣಿಗಳಲ್ಲಿ ಸೈಕಲ್ ಹೋಗುವುದೂ ಕಷ್ಟ. ಡಾಂಬರ್ ಹಾಕುವ ಮುನ್ನ ಎಲ್ಲ ಇಲಾಖೆಗಳನ್ನೂ ಒಂದು ಮೇಜಿನ ಸುತ್ತ ಕೂರಿಸಿ ನೆಲದೊಳಗಿನ ಕೆಲಸ ಮುಗಿದಿದೆ ಎಂದು ಸಹಿ ಮಾಡಿಸಿಕೊಳ್ಳಿ. ಇಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಇನ್ನು ಬೋರ್ಡು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ಮಾಹಿತಿ ಫಲಕ ಕಡ್ಡಾಯ, ಮುಗಿದ ಮೇಲೆ ಐದು ವರ್ಷದ ನಿರ್ವಹಣೆಯೂ ಗುತ್ತಿಗೆದಾರನದೇ. ಉಳಿದ ಕಾಮಗಾರಿಗಳಲ್ಲಿಯೂ ಫಲಕ ಇರುವ ಕಡೆ ಇದೆ, ಅಂದಾಜು ಮೊತ್ತದ ಅಂಕಿ ದೊಡ್ಡದಾಗಿ ಕಾಣುತ್ತದೆ. ಮುಗಿಯುವ ದಿನಾಂಕದ ಜಾಗ ಎಷ್ಟೋ ಕಡೆ ಖಾಲಿ. ನಮ್ಮ ನೆಲದಲ್ಲಿ ಬರೆದಿಡುವ ಪದ್ಧತಿ ಹೊಸದಲ್ಲ. ಪುಲಿಗೆರೆಯೆಂದು ಹೆಸರಾಗಿದ್ದ ಇದೇ ಲಕ್ಷ್ಮೇಶ್ವರದ ಶಾಸನಗಳಲ್ಲಿ ಯಾವ ವರ್ಷ, ಯಾರ ಆಳ್ವಿಕೆ, ಯಾರು ಕೊಟ್ಟರು, ಏನು ಕೊಟ್ಟರು, ಗಡಿ ಎಲ್ಲಿಂದ ಎಲ್ಲಿಗೆ ಎಂಬುದು ಕಲ್ಲಿನ ಮೇಲಿದೆ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ್ದನ್ನು 1007ರ ಶಾಸನ ಇಂದಿಗೂ ಹೇಳುತ್ತದೆ. ಸಾರ್ವಜನಿಕ ಕೆಲಸದ ವಿವರ ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಇರಬೇಕೆಂಬುದು ಆಗಿನವರಿಗೆ ಗೊತ್ತಿತ್ತು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಕೂಡ ಯಾರೂ ಅರ್ಜಿ ಹಾಕದಿದ್ದರೂ ಇಂಥ ವಿವರವನ್ನು ತಾವಾಗಿಯೇ ಪ್ರಕಟಿಸಿ ಎನ್ನುತ್ತದೆ. ನಿಮ್ಮ ಬೋರ್ಡಿಗೆ ಇನ್ನೆರಡು ಸಾಲು ಸೇರಿಸಿ: ಕೆಲಸ ನಿಂತಿದ್ದರೆ ಯಾವ ದಿನದಿಂದ, ಯಾವ ಕಾರಣಕ್ಕೆ. ಕಾರಣ ಕಂಬವಾಗಿದ್ದರೆ ಕಂಬ ಎಂದು ಬರೆಯಿರಿ. ಭೂಮಿಯ ತಕರಾರಾಗಿದ್ದರೆ ಹಾಗೆಂದು ಬರೆಯಿರಿ.

ಬಿಲ್ ಬಾಕಿ ಇದ್ದರೆ ಅದನ್ನೂ ಬರೆಯಿರಿ. ಗುತ್ತಿಗೆದಾರರಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ. ನಿಮ್ಮ ರಾಜ್ಯ ಸಂಘ ಬಾಕಿ ಹಣಕ್ಕಾಗಿ ಒಂದರ ಹಿಂದೆ ಒಂದು ಸರ್ಕಾರಕ್ಕೆ ಪತ್ರ ಬರೆಯುತ್ತಲೇ ಬಂದಿದೆ, 2021ರಲ್ಲಿ ಕಮಿಷನ್ ಹಾವಳಿಯ ಬಗ್ಗೆ ಪ್ರಧಾನಿಗೇ ದೂರು ಬರೆದಿತ್ತು. ಆ ಮಾತು ಬೆಂಗಳೂರಿನ ಪತ್ರಿಕಾಗೋಷ್ಠಿಯಲ್ಲಿ ಕೇಳಿಸುತ್ತದೆ, ಶಿರಹಟ್ಟಿಯ ರಸ್ತೆಯ ಮೇಲೆ ಕೇಳಿಸುವುದಿಲ್ಲ. ಇಲ್ಲಿ ಬೈಗುಳ ತಿನ್ನುವವರು ನೀವು, ನಿಮ್ಮ ಸೂಪರ್‌ವೈಸರು, ರೋಲರಿನ ಡ್ರೈವರು. ಮಾಡಿದ ಕೆಲಸಕ್ಕೆ ದುಡ್ಡು ಬಂದಿಲ್ಲ ಎಂದು ಸೈಟಿನಲ್ಲೇ ಬರೆದು ನಿಲ್ಲಿಸಿದರೆ, ರಸ್ತೆ ತಡೆಗೆ ಕೂರುವ ಜನ ಯಾರನ್ನು ಕೇಳಬೇಕೆಂದು ತಿಳಿದು ಕೂರುತ್ತಾರೆ. ನಿಮ್ಮ ಬಿಲ್ಲಿಗಾಗಿಯೂ ಕೇಳುತ್ತಾರೆ.

ಇವರು ಕೇಳಬಲ್ಲ ಜನ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸೀಮೆಯ ರೈತರು ಪೋಸ್ಕೊ ಉಕ್ಕಿನ ಕಾರ್ಖಾನೆಗೆ ನೆಲ ಕೊಡುವುದಿಲ್ಲವೆಂದು ಎದ್ದು ನಿಂತಾಗ, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು ಜೊತೆಗೂಡಿದಾಗ, ಸರ್ಕಾರ ಆ ಯೋಜನೆಯನ್ನು ಕೈಬಿಡಬೇಕಾಯಿತು. ಬೇಡವಾದದ್ದನ್ನು ಬೇಡ ಎಂದ ಸೀಮೆ ಇದು. ರಸ್ತೆ ಬೇಕು ಎಂದೇ ಹೇಳುತ್ತಿದೆ. ಅಗಲವಾಗುತ್ತದೆ ಎಂದಾಗ ಕಟ್ಟೆ ಒಡೆಸಿಕೊಂಡವರು, ಬೇಲಿ ಹಿಂದಕ್ಕೆ ಸರಿಸಿದವರು, ಅಜ್ಜ ನೆಟ್ಟ ಹುಣಸೆ ಮರ ಕಡಿಯಲು ಬಿಟ್ಟವರು ಈ ಅಂಚಿನಲ್ಲೇ ಇದ್ದಾರೆ.

ಈ ಸಲದ ಮುಂಗಾರು ಬರುವ ಮುನ್ನ ಮೂರು ಕೆಲಸ ನಿಮ್ಮಿಂದ ಆಗುವಂಥವು. ಖಡಿ ಹಾಸಿ ಬಿಟ್ಟಿರುವ ಉದ್ದವನ್ನೆಲ್ಲ ಮೇ ಮುಗಿಯುವುದರೊಳಗೆ ಡಾಂಬರಿನಿಂದ ಮುಚ್ಚಿ, ಅದಾಗದಿದ್ದರೆ ಪ್ರೈಮ್ ಕೋಟ್ ಹೊಡೆದು ಮೇಲೊಂದು ತೆಳು ಹೊದಿಕೆಯನ್ನಾದರೂ ಹಾಕಿ. ಅರ್ಧಕ್ಕೆ ನಿಂತ ಪ್ರತಿ ಸಿಡಿಯ ಎರಡೂ ಕಡೆ ರಾತ್ರಿ ಕಾಣುವ ಬ್ಯಾರಿಕೇಡ್ ನಿಲ್ಲಿಸಿ, ಮೇಲೆದ್ದ ಸರಳುಗಳ ತುದಿಗೆ ಮುಚ್ಚಳ ಹಾಕಿ. ಮುಚ್ಚಲಾಗದ ಉದ್ದ ಉಳಿದರೆ ಅದರ ಎರಡೂ ತುದಿಗೆ ಕಾರಣ ಬರೆದ ಬೋರ್ಡು ನೆಟ್ಟು, ಎತ್ತುವವರು ಇರುವ ಒಂದು ಫೋನ್ ನಂಬರ್ ಹಾಕಿ. ಹೊಸ ಅಗೆತ ಇವುಗಳ ಆಮೇಲೆ.

ಇಂತಿ,
ಈ ರಸ್ತೆಗಳಲ್ಲಿ ದಿನವೂ ಓಡಾಡುವ ಗದಗ ಜಿಲ್ಲೆಯ ನಿವಾಸಿ